ದೂರದ ಮಕ್ಕಳ ಬಿಸಿಯೂಟಕ್ಕೆ ಹಣ ಕೂಡಿಸುವುದು ಹೇಗೆ?

ಆಫ್ರಿಕದ ಮಲಾವಿ ದೇಶದ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಶುರುವಾಗುವ ಮೊದಲೇ ಒಲೆ ಉರಿಯುತ್ತಿರುತ್ತದೆ. ಊರಿನ ತಾಯಂದಿರು, ಅಜ್ಜಿಯರು ಸರದಿಯ ಮೇಲೆ ಬಂದು ದೊಡ್ಡ ಪಾತ್ರೆಗಳಲ್ಲಿ ‘ಲಿಕುನಿ ಫಾಲಾ’ ಕುದಿಸುತ್ತಾರೆ. ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿಗೆ ಸಕ್ಕರೆ, ವಿಟಮಿನ್, ಖನಿಜಾಂಶ ಸೇರಿಸಿ ಮಾಡುವ ಗಂಜಿ ಇದು. ಹದ ಹೆಚ್ಚುಕಡಿಮೆ ನಮ್ಮ ರಾಗಿ ಗಂಜಿಯದೇ. ಮಕ್ಕಳು ಮಗ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಅಡುಗೆಯವರಿಗೆ ಸಂಬಳವಿಲ್ಲ, ಅವರೂ ಸ್ವಯಂಸೇವಕರೇ. ಹಿಟ್ಟಿನ ಖರ್ಚು, ಸಾಗಣೆ, ದಾಸ್ತಾನು, ಮೇಲ್ವಿಚಾರಣೆ ಇವಕ್ಕೆ ದುಡ್ಡು ಬೇಕು. ಅದನ್ನು ಬೇರೆ ದೇಶಗಳ ಸ್ವಯಂಸೇವಕರು ಕೂಡಿಸುತ್ತಾರೆ.

ಈ ಕೆಲಸದಲ್ಲಿ ದೊಡ್ಡ ಹೆಸರು ಸ್ಕಾಟ್ಲೆಂಡಿನ ಮೇರೀಸ್ ಮೀಲ್ಸ್. ಮ್ಯಾಗ್ನಸ್ ಮ್ಯಾಕ್‌ಫರ್ಲೇನ್-ಬ್ಯಾರೋ 2002ರಲ್ಲಿ ಮಲಾವಿಯ ಬ್ಲಾಂಟೈರ್‌ನಲ್ಲಿ 200 ಮಕ್ಕಳಿಗೆ ಊಟ ಹಾಕುವುದರಿಂದ ಶುರು ಮಾಡಿದ ಸಂಸ್ಥೆ ಇಂದು ಹಲವು ದೇಶಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಶಾಲೆಯಲ್ಲೇ ಊಟ ಕೊಡುತ್ತಿದೆ. ಬ್ರಿಟನ್ನಿನಲ್ಲಿರುವ ಕನ್ನಡ ಸಂಘವೊಂದು, ಅಥವಾ ನಾಲ್ಕೈದು ಮನೆಗಳ ಗುಂಪೊಂದು ಇಂಥ ಸಂಸ್ಥೆಗೆ ಹಣ ಕೂಡಿಸಲು ಹೊರಟರೆ ಏನೇನು ಮಾಡಬೇಕು, ಎಲ್ಲಿ ಎಡವಬಹುದು ಎಂಬ ವಿವರ ಇಲ್ಲಿದೆ.

ಮೊದಲು ಲೆಕ್ಕ, ಆಮೇಲೆ ಪೋಸ್ಟರ್

ಒಂದು ಮಗುವಿಗೆ ಒಂದು ಶಾಲಾ ವರ್ಷದ ಊಟಕ್ಕೆ ಎಷ್ಟು ಎಂಬುದೇ ಮೂಲ ಅಳತೆ. ಮೇರೀಸ್ ಮೀಲ್ಸ್ ಹಲವು ವರ್ಷ 15.90 ಪೌಂಡ್ ಎಂದು ಹೇಳುತ್ತಿತ್ತು. ಆಮೇಲೆ ಅದು 19.15ಕ್ಕೆ ಏರಿತು. ಹಳೆಯ ಕರಪತ್ರದಿಂದ ಸಂಖ್ಯೆ ನಕಲು ಮಾಡಿ ಪೋಸ್ಟರ್ ಅಚ್ಚು ಹಾಕಿಸುವುದು ಬಹಳ ಕಡೆ ಆಗುವ ತಪ್ಪು, ಆದ್ದರಿಂದ ಅಚ್ಚಿಗೆ ಕೊಡುವ ದಿನ ಸಂಸ್ಥೆಯ ಜಾಲತಾಣದಲ್ಲಿ ಇರುವ ಮೊತ್ತವನ್ನೇ ಹಾಕಿ. ದರ ಏರುವುದಕ್ಕೆ ಕಾರಣಗಳಿವೆ. 2023ರ ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಯನ್ನು ಕೊಚ್ಚಿಹಾಕಿತು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿನ ಕ್ವಾಚಾ ನಾಣ್ಯದ ಬೆಲೆಯನ್ನು ಶೇ 44ರಷ್ಟು ಇಳಿಸಲಾಯಿತು. ಮರುವರ್ಷ ಎಲ್ ನಿನೊ ಬರ ಬಂತು. ಇಂಥ ಕಡೆ ಮೆಕ್ಕೆಜೋಳದ ಬೆಲೆ ಒಂದೇ ಕಡೆ ನಿಲ್ಲುವುದಿಲ್ಲ.

ಈಗ ಒಂದು ಮಾದರಿ ಲೆಕ್ಕ. 12 ಪೌಂಡಿನ ಟಿಕೆಟ್ ಇಟ್ಟು 100 ಜನರಿಗೆ ಊಟದ ಕಾರ್ಯಕ್ರಮ ಮಾಡಿದರೆ ಬರುವುದು 1,200. ಹಾಲ್ ಬಾಡಿಗೆ 180, ದಿನಸಿ 260, ತಟ್ಟೆ-ಲೋಟ 60 ಕಳೆದರೆ ಉಳಿಯುವುದು 700. ಅಂದರೆ 19.15ರ ದರದಲ್ಲಿ 36 ಮಕ್ಕಳ ಒಂದು ವರ್ಷದ ಊಟ. ಅದೇ ಸಂಜೆ ಬಂದವರಲ್ಲಿ 20 ಮಂದಿ ತಿಂಗಳಿಗೆ 5 ಪೌಂಡ್ ಕೊಡುತ್ತೇವೆಂದು ಡೈರೆಕ್ಟ್ ಡೆಬಿಟ್ (ಖಾತೆಯಿಂದ ತಾನಾಗಿ ಹಣ ಹೋಗುವ) ನಮೂನೆ ತುಂಬಿದರೆ ವರ್ಷಕ್ಕೆ 1,200 ಆಗುತ್ತದೆ. ಅವರೆಲ್ಲ ತೆರಿಗೆ ಕಟ್ಟುವವರಾಗಿದ್ದರೆ ಗಿಫ್ಟ್ ಏಡ್ (ದಾನಕ್ಕೆ ಸರ್ಕಾರ ಸೇರಿಸುವ ಹಣ, ವಿವರ ಮುಂದಿದೆ) ಸೇರಿ 1,500, ಅಂದರೆ 78 ಮಕ್ಕಳು. ಪಾತ್ರೆ ತಿಕ್ಕುವ ಕೆಲಸವೂ ಇಲ್ಲ!

ಹಾಗಾಗಿ ಕಾರ್ಯಕ್ರಮವನ್ನು ಜನ ಸೇರಿಸುವ ನೆಪ ಎಂದುಕೊಳ್ಳಿ, ತಿಂಗಳ ದಾನಿಗಳನ್ನು ಹುಡುಕುವುದನ್ನು ಕೆಲಸ ಎಂದುಕೊಳ್ಳಿ. ಶಾಲೆಯಲ್ಲಿ ಒಮ್ಮೆ ಊಟ ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ಹಸಿವು ಹೆಚ್ಚುವ ಕಾಲವೂ ನಮ್ಮ ಹಬ್ಬಗಳ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಮಲಾವಿಯಲ್ಲಿ ಹೊಸ ಬೆಳೆ ಕೈಗೆ ಬರುವ ಮುಂಚಿನ ತಿಂಗಳುಗಳು, ಸುಮಾರು ಡಿಸೆಂಬರಿನಿಂದ ಮಾರ್ಚ್‌ವರೆಗೆ, ಮನೆಯ ಕಣಜ ಖಾಲಿಯಾಗುವ ಕಾಲ. ದೀಪಾವಳಿಯಲ್ಲಿ ಒಮ್ಮೆ ಬಂದು ನಿಂತುಹೋಗುವ ಹಣಕ್ಕಿಂತ ತಿಂಗಳಿಗೊಮ್ಮೆ ಬರುವ ಐದು ಪೌಂಡ್ ಅಲ್ಲಿ ಖರೀದಿ ಯೋಜನೆ ಮಾಡುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಕ್ಕಿ ಮೂಟೆ, ಬಿಸ್ಕತ್ತು, ಹಳೆ ಬಟ್ಟೆ ಕಳಿಸುವ ಸಲಹೆ ಪ್ರತಿ ಸಭೆಯಲ್ಲೂ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡ. ಹಡಗಿನ ಬಾಡಿಗೆ, ಸುಂಕ, ತಿಂಗಳುಗಟ್ಟಲೆ ತಡ, ಎಲ್ಲ ಸೇರಿ ಅಕ್ಕಿಗಿಂತ ಸಾಗಣೆಯೇ ದುಬಾರಿ. ಮಲಾವಿಯಲ್ಲೇ ಕೊಂಡರೆ ಅಲ್ಲಿನ ರೈತನಿಗೂ ನಾಲ್ಕು ಕಾಸು ಸಿಗುತ್ತದೆ.

ಸಂಸ್ಥೆಗೆ ತಿಳಿಸಿ, ಹೆಸರು ಸರಿಯಾಗಿ ಹಾಕಿ

ಹಣ ಕೂಡಿಸುವ ಮೊದಲೇ ಸಂಸ್ಥೆಗೆ ಬರೆಯಿರಿ. ಅವರು ಅನುಮತಿ ಪತ್ರ, ಹಣ ಕೂಡಿಸಲು ಮೊಹರು ಹಾಕುವ ಬಕೆಟ್, ಕರಪತ್ರ, ಬ್ಯಾನರ್ ಕಳಿಸುತ್ತಾರೆ. ಪೋಸ್ಟರಿನಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆ ಇರಬೇಕು. ನೀವು ಸಂಸ್ಥೆಯ ನೌಕರರಲ್ಲ, ಅದರ ‘ಸಹಾಯಾರ್ಥ’ ಕೂಡಿಸುವವರು ಎಂಬುದೂ ಸ್ಪಷ್ಟವಾಗಿರಬೇಕು. ಹಣದಲ್ಲಿ ಎಷ್ಟು ಭಾಗ ಸಂಸ್ಥೆಗೆ ಹೋಗುತ್ತದೆ ಎಂಬುದನ್ನು ಮುಚ್ಚಿಡಬೇಡಿ. ಖರ್ಚು ಕಳೆದು ಉಳಿದದ್ದು ಮಾತ್ರ ಹೋಗುವುದಾದರೆ ಹಾಗೆಯೇ ಬರೆಯಿರಿ. ‘ಟಿಕೆಟ್ಟಿನ ಪೂರ್ತಿ ಹಣ ಮಕ್ಕಳಿಗೆ’ ಎಂದು ಬರೆದು ಅದರಿಂದಲೇ ಹಾಲ್ ಬಾಡಿಗೆ ಕಟ್ಟಿದರೆ ಅದು ಸುಳ್ಳು. ಬಾಡಿಗೆಯನ್ನು ಯಾರಾದರೂ ಅಂಗಡಿಯವರು ಪ್ರಾಯೋಜಿಸಿದರೆ ಈ ತಲೆನೋವೇ ಇಲ್ಲ.

ಚಿತ್ರಗಳ ವಿಷಯದಲ್ಲೂ ಎಚ್ಚರ ಬೇಕು. ಅಂತರ್ಜಾಲದಲ್ಲಿ ಸಿಕ್ಕ ಅಳುವ ಮಗುವಿನ ಫೋಟೊ ಬೇಡವೇ ಬೇಡ. ಸಂಸ್ಥೆ ಒಪ್ಪಿಗೆ ಪಡೆದು ತೆಗೆಸಿದ, ಮಕ್ಕಳು ಊಟ ಮಾಡುತ್ತಿರುವ ಚಿತ್ರಗಳನ್ನು ಕೇಳಿದರೆ ಕೊಡುತ್ತಾರೆ.

ಬಕೆಟ್ ಹಿಡಿದು ನಿಲ್ಲುವುದಾದರೆ

ರಸ್ತೆಯಲ್ಲಿ ಕೂಡಿಸಲು ಪರವಾನಗಿ ಬೇಕು. ಕೊಡುವುದು ಸ್ಥಳೀಯ ಕೌನ್ಸಿಲ್. ಲಂಡನ್ನಿನ ಬಹುಭಾಗದಲ್ಲಿ ಮೆಟ್ರೊಪಾಲಿಟನ್ ಪೊಲೀಸರು. ಒಳ್ಳೆಯ ಶನಿವಾರಗಳನ್ನು ಬೇರೆಯವರು ತಿಂಗಳುಗಳ ಮುಂಚೆಯೇ ಹಿಡಿದಿರುತ್ತಾರೆ, ಬೇಗ ಅರ್ಜಿ ಹಾಕಿ. ಸೂಪರ್ ಮಾರ್ಕೆಟ್ಟಿನ ಬಾಗಿಲು ಖಾಸಗಿ ಜಾಗ, ಅಲ್ಲಿ ಮ್ಯಾನೇಜರ್ ಲಿಖಿತ ಒಪ್ಪಿಗೆ ಕೊಟ್ಟರೆ ಸಾಕು. ಪತ್ರದ ಪ್ರತಿ ಕೈಯಲ್ಲಿರಲಿ, ಏಕೆಂದರೆ ಒಪ್ಪಿಗೆ ಕೊಟ್ಟ ಮ್ಯಾನೇಜರಿಗೆ ಅಂದೇ ರಜೆ ಇರುತ್ತದೆ. ಡಬ್ಬಿ ಕುಲುಕಿ ದಾರಿಹೋಕರನ್ನು ಕಾಡಬಾರದು. ಚಿಕ್ಕ ಮಕ್ಕಳನ್ನು ಒಂಟಿಯಾಗಿ ನಿಲ್ಲಿಸಬಾರದು.

ಮೊಹರು ಒಡೆಯುವಾಗ ಒಂದೇ ಮನೆಯವರಲ್ಲದ ಇಬ್ಬರು ಕೂತು ಎಣಿಸಬೇಕು, ಇಬ್ಬರೂ ಸಹಿ ಹಾಕಬೇಕು. ಗಂಡ-ಹೆಂಡತಿ ಎಣಿಸಿದರೆ ಅನುಮಾನವೆಂದಲ್ಲ, ನಾಳೆ ಯಾರಾದರೂ ಕೇಳಿದಾಗ ಉತ್ತರ ಸುಲಭವಾಗಿರಲಿ ಎಂದು. ಚಿಲ್ಲರೆಗೆ ಬ್ಯಾಂಕಿನ ಪ್ಲಾಸ್ಟಿಕ್ ಚೀಲಗಳಿವೆ: ಒಂದು ಮತ್ತು ಎರಡು ಪೌಂಡ್ ನಾಣ್ಯಗಳಾದರೆ ಚೀಲಕ್ಕೆ 20 ಪೌಂಡ್, 50 ಮತ್ತು 20 ಪೆನ್ಸ್ ಆದರೆ 10 ಪೌಂಡ್, 10 ಮತ್ತು 5 ಪೆನ್ಸ್ ಆದರೆ 5 ಪೌಂಡ್, ತಾಮ್ರದ ಬಣ್ಣದ ಪುಡಿಗಾಸಾದರೆ ಒಂದು ಪೌಂಡ್. ಬೇರೆ ಬೇರೆ ನಾಣ್ಯ ಬೆರೆಸಿದ ಚೀಲವನ್ನು ಕೌಂಟರಿನವರು ವಾಪಸ್ ತಳ್ಳುತ್ತಾರೆ. ಪರವಾನಗಿ ಕೊಟ್ಟವರಿಗೆ ಆಮೇಲೆ ಲೆಕ್ಕದ ನಮೂನೆ ತುಂಬಿ ಕೊಡಬೇಕು. ಮರೆತರೆ ಮುಂದಿನ ಸಲ ಅರ್ಜಿ ಅಲ್ಲೇ ನಿಲ್ಲುತ್ತದೆ.

ಗಿಫ್ಟ್ ಏಡ್: ಎಲ್ಲರೂ ಎಡವುವ ಜಾಗ

ಬ್ರಿಟನ್ನಿನ ತೆರಿಗೆದಾರ ಒಂದು ಪೌಂಡ್ ದಾನ ಕೊಟ್ಟರೆ ಸಂಸ್ಥೆಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಸಿಗುತ್ತದೆ. ಅಂದರೆ 15.32 ಪೌಂಡ್ ಕೊಟ್ಟರೆ 19.15 ಆಗುತ್ತದೆ, ಒಂದು ಮಗುವಿನ ವರ್ಷ ಕಳೆಯುತ್ತದೆ. ಆದರೆ ಇದಕ್ಕೆ ದಾನಿಯೇ ಘೋಷಣೆ ಕೊಡಬೇಕು: ಹೆಸರು, ಮನೆಯ ವಿಳಾಸ, ಪೋಸ್ಟ್‌ಕೋಡ್, ತೆರಿಗೆ ಕಟ್ಟುತ್ತೇನೆಂಬ ಗುರುತು. ಕಚೇರಿಯ ವಿಳಾಸ ನಡೆಯುವುದಿಲ್ಲ. ಒಂದು ಸಾಲಿನಲ್ಲಿ ಒಬ್ಬರ ಹೆಸರು ಮಾತ್ರ, ‘ಶ್ರೀ ಮತ್ತು ಶ್ರೀಮತಿ’ ಎಂದು ಜೋಡಿಯಾಗಿ ಬರೆಯಬೇಡಿ.

ಮೈಸೂರಿನಿಂದ ಮೂರು ತಿಂಗಳಿಗೆ ಬಂದಿರುವ ಅಪ್ಪ-ಅಮ್ಮ ಉತ್ಸಾಹದಿಂದ ಗುರುತು ಹಾಕುತ್ತಾರೆ, ಆದರೆ ಅವರು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರಲ್ಲ. ಆದಾಯವಿಲ್ಲದ ವಿದ್ಯಾರ್ಥಿಗಳೂ ಅಷ್ಟೇ. ಟಿಕೆಟ್ ಕೊಂಡು ಊಟ ಮಾಡಿದ್ದು ದಾನವಲ್ಲ, ಖರೀದಿ. ರಾಫಲ್ (ಬಹುಮಾನದ ಲಾಟರಿ) ಚೀಟಿಯೂ ದಾನವಲ್ಲ. ಇವೆರಡಕ್ಕೂ ಗಿಫ್ಟ್ ಏಡ್ ಇಲ್ಲ. ಹತ್ತಾರು ಜನ ಕೊಟ್ಟ ನಗದನ್ನು ಒಟ್ಟುಮಾಡಿ, ಜಸ್ಟ್‌ಗಿವಿಂಗ್ ಎಂಬ ದಾನ ಕೂಡಿಸುವ ಜಾಲತಾಣದ ಪುಟದಲ್ಲಿ ನಿಮ್ಮ ಕಾರ್ಡಿನಿಂದ ತುಂಬಿ ಗಿಫ್ಟ್ ಏಡ್ ಗುರುತು ಹಾಕುವುದಂತೂ ನಿಯಮಕ್ಕೆ ನೇರ ವಿರುದ್ಧ, ಆ ಹಣ ನಿಮ್ಮದಲ್ಲವಲ್ಲ. ಅಂಥ ನಗದನ್ನು ಬೇರೆಯಾಗಿ ಕಳಿಸಿ, ‘ಬಕೆಟ್ ಸಂಗ್ರಹ’ ಎಂದು ಬರೆಯಿರಿ. ಸಣ್ಣ ನಗದು ದಾನಗಳಿಗೆ ಸಂಸ್ಥೆಯೇ ಬಳಸಬಹುದಾದ ಬೇರೊಂದು ಯೋಜನೆ ಇದೆ.

ಐಟಿ ಕಂಪನಿ, ಬ್ಯಾಂಕುಗಳಲ್ಲಿರುವವರು ಇನ್ನೊಂದು ಕೇಳಿ ನೋಡಬೇಕು: ನೌಕರ ಕೂಡಿಸಿದಷ್ಟನ್ನೇ ಕಂಪನಿಯೂ ಸೇರಿಸುವ ಪದ್ಧತಿ ಇದೆಯೇ? ಹಲವು ಕಡೆ ಇರುತ್ತದೆ, ಆದರೆ ಕಾರ್ಯಕ್ರಮಕ್ಕೆ ಮುಂಚೆಯೇ ಅರ್ಜಿ ಹಾಕಬೇಕಾಗುತ್ತದೆ.

ರಾಫಲ್ಲಿಗೆ ಜೂಜಿನ ಕಾನೂನು ತಗಲುತ್ತದೆ. ಕಾರ್ಯಕ್ರಮ ನಡೆಯುವಲ್ಲೇ, ನಡೆಯುವಾಗಲೇ ಚೀಟಿ ಮಾರಿದರೆ ಪರವಾನಗಿ ಬೇಡ. ವಾರ ಮುಂಚೆಯೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾರಲು ಹೊರಟರೆ ಅದು ಬೇರೆ ಬಗೆಯ ಲಾಟರಿ, ಕೌನ್ಸಿಲ್ಲಿನಲ್ಲಿ ನೋಂದಣಿ ಬೇಕಾಗುತ್ತದೆ.

ನೂರು ಎಲೆಯ ಅಡುಗೆ

ಬಿಸಿಬೇಳೆಬಾತ್, ಮೊಸರನ್ನ, ಕೇಸರಿಬಾತ್, ಇದಕ್ಕಿಂತ ಹೆಚ್ಚು ಬೇಡ. ನೂರು ಜನಕ್ಕೆ ಬಿಸಿಬೇಳೆಬಾತಿಗೆ 6 ಕೆ.ಜಿ. ಅಕ್ಕಿ, 3 ಕೆ.ಜಿ. ತೊಗರಿಬೇಳೆ, 5 ಕೆ.ಜಿ. ತರಕಾರಿ, ಅರ್ಧ ಕೆ.ಜಿ. ಹುಣಸೆಹಣ್ಣು ಹಿಡಿಯುತ್ತದೆ. ಮೊಸರನ್ನಕ್ಕೆ 3 ಕೆ.ಜಿ. ಅಕ್ಕಿ, 6 ಲೀಟರ್ ಮೊಸರು, 2 ಲೀಟರ್ ಹಾಲು. ಕೇಸರಿಬಾತಿಗೆ ಎರಡೂವರೆ ಕೆ.ಜಿ. ರವೆ ಸಾಕು. ಬಾತು ನಿಂತಷ್ಟೂ ಗಟ್ಟಿಯಾಗುತ್ತದೆ, ಬಡಿಸುವ ಜಾಗದಲ್ಲಿ ಒಂದು ಪಾತ್ರೆ ಕುದಿನೀರು ಇಟ್ಟುಕೊಳ್ಳಿ.

ಅಪಾಯ ಇರುವುದು ಅನ್ನದಲ್ಲಿ. ಬೆಂದ ಅನ್ನ ಬೆಚ್ಚಗೆ ಬಹಳ ಹೊತ್ತು ಕೂತರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಕಟ್ಟುತ್ತದೆ, ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಯಾರದೋ ಮನೆಯಲ್ಲಿ ಮಾಡಿ, ಕಾರಿನ ಡಿಕ್ಕಿಯಲ್ಲಿ ಹೊತ್ತು ತಂದು, ಒಂದು ಗಂಟೆಗೆ ಬಡಿಸುವ ಕ್ರಮ ಬಿಡಿ. ಹಾಲ್‌ನಲ್ಲೇ ಬೇಯಿಸಿ, 63 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯದಂತೆ ಇಡಿ, ಮೊಸರನ್ನದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಹಾಕಿ. ಮೊಸರನ್ನ 8 ಡಿಗ್ರಿಗಿಂತ ಮೇಲೇರಬಾರದು. ಅಡುಗೆಗೆ ಬಳಸುವ ಹತ್ತು ಪೌಂಡಿನ ಥರ್ಮಾಮೀಟರ್ ಒಂದಿದ್ದರೆ ವಾದವೇ ಇರುವುದಿಲ್ಲ.

ಬ್ರಿಟನ್ನಿನ ಆಹಾರ ನಿಯಮದ ಅಲರ್ಜಿ ಪಟ್ಟಿಯಲ್ಲಿ 14 ಪದಾರ್ಥಗಳಿವೆ. ನಮ್ಮ ಅಡುಗೆಯಲ್ಲಿ ಅವು ಕಣ್ಣಿಗೆ ಬೀಳದ ಹಾಗೆ ಅಡಗಿರುತ್ತವೆ. ಒಗ್ಗರಣೆಯ ಸಾಸಿವೆ ಪಟ್ಟಿಯಲ್ಲಿದೆ, ಗೋಡಂಬಿ, ಕಡಲೆಕಾಯಿ, ಎಳ್ಳು, ಹಾಲು ಎಲ್ಲವೂ ಇವೆ. ಬಿಸಿಬೇಳೆಬಾತಿನಲ್ಲಿ ಗೋಧಿ ಎಲ್ಲಿಂದ ಬರಬೇಕು ಎನ್ನುವವರು ಇಂಗಿನ ಡಬ್ಬಿ ತಿರುಗಿಸಿ ನೋಡಲಿ, ಅಂಗಡಿಯ ಬಹುಪಾಲು ಇಂಗು ಗೋಧಿ ಹಿಟ್ಟಿನಲ್ಲಿ ಬೆರೆಸಿದ್ದು. ಪ್ರತಿ ಪಾತ್ರೆಯ ಮುಂದೆ ಚೀಟಿ ಅಂಟಿಸಿ, ಪ್ಯಾಕೆಟ್ಟುಗಳನ್ನು ಊಟ ಮುಗಿಯುವವರೆಗೆ ಎಸೆಯಬೇಡಿ.

ಕೇಳುವ ಹೊತ್ತು

ಊಟ ಮುಗಿದ ಮೇಲೆ ಕೇಳಿದರೆ ಅರ್ಧ ಜನ ಕೋಟು ಹಾಕಿಕೊಂಡಿರುತ್ತಾರೆ. ಕೇಸರಿಬಾತ್ ಬಡಿಸುವ ಮೊದಲು ಐದು ನಿಮಿಷ ತೆಗೆದುಕೊಳ್ಳಿ. ಒಬ್ಬರೇ ಮಾತಾಡಲಿ, ಒಂದೇ ಸಂಖ್ಯೆ ಹೇಳಲಿ: ಒಂದು ಮಗು, ಒಂದು ವರ್ಷ, ಇಷ್ಟು ಪೌಂಡ್. ಭಾಷಣ ಇಲ್ಲ, ಸನ್ಮಾನ ಇಲ್ಲ. ನಮ್ಮ ಸಂಘಗಳಿಗೆ ಇದು ಕಷ್ಟ ಎಂಬುದು ಗೊತ್ತು. ನಮೂನೆ ಮತ್ತು ಪೆನ್ನು ಆಗಲೇ ಮೇಜಿನ ಮೇಲಿರಬೇಕು. ಕ್ಯೂಆರ್ ಕೋಡನ್ನು ನೇರವಾಗಿ ತಿಂಗಳ ದಾನದ ಪುಟಕ್ಕೆ ಜೋಡಿಸಿ. ‘ಆಮೇಲೆ ಮನೆಗೆ ಹೋಗಿ ಮಾಡ್ತೀನಿ’ ಎಂದವರಲ್ಲಿ ಮಾಡುವವರು ಕಡಿಮೆ. ಹಳೆಯ ಕಲ್ಲಿನ ಹಾಲ್‌ಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಕಾರ್ಡ್ ಮಷಿನ್ ಮಂಕು ಹಿಡಿದು ಕೂರುತ್ತದೆ. ಹಿಂದಿನ ದಿನವೇ ಹೋಗಿ ಪರೀಕ್ಷಿಸಿ, ವೈಫೈ ಗುಪ್ತಪದ ಕೇಳಿಟ್ಟುಕೊಳ್ಳಿ.

ಹಣ ಯಾರ ಸ್ವಂತ ಖಾತೆಗೂ ಹೋಗಬಾರದು, ಒಂದು ರಾತ್ರಿಗೂ ಕೂಡ. ಕೂಡಿದ್ದು, ಖರ್ಚಾದದ್ದು, ಕಳಿಸಿದ್ದು, ಮೂರು ಸಾಲಿನ ಲೆಕ್ಕವನ್ನು ರಸೀದಿಯ ಚಿತ್ರದೊಂದಿಗೆ ವಾರದೊಳಗೆ ಬಂದವರಿಗೆಲ್ಲ ಕಳಿಸಿ. ಮುಂದಿನ ವರ್ಷದ ಟಿಕೆಟ್ ಮಾರುವುದು ಇದೇ ಕಾಗದ.

ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ

ಬೆಂಗಳೂರಿನಲ್ಲಿ ಕೂತು ಮಲಾವಿಗೆ ಕಳಿಸಬಹುದೇ? ವ್ಯಕ್ತಿಯೊಬ್ಬರು ತಮ್ಮ ಸ್ವಂತ ಹಣವನ್ನು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ವಿದೇಶಿ ಸಂಸ್ಥೆಗೆ ದಾನವಾಗಿ ಕಳಿಸಬಹುದು, ವರ್ಷದ ಒಟ್ಟು ಮಿತಿ 2.5 ಲಕ್ಷ ಡಾಲರ್, ಪ್ಯಾನ್ ಬೇಕು. ಆದರೆ ದಾನಕ್ಕೆ ಸಿಗುವ 80ಜಿ ತೆರಿಗೆ ರಿಯಾಯಿತಿ ಇದಕ್ಕೆ ಸಿಗುವುದಿಲ್ಲ. ಹತ್ತು ಜನರಿಂದ ಕೂಡಿಸಿ ಒಬ್ಬರ ಹೆಸರಲ್ಲಿ ಕಳಿಸಲು ಹೋಗಬೇಡಿ, ಪ್ರತಿಯೊಬ್ಬರೂ ತಮ್ಮ ಖಾತೆಯಿಂದಲೇ ಕಳಿಸಲಿ.

ಬ್ರಿಟನ್ನಿನಿಂದ ಭಾರತಕ್ಕೆ ಕಳಿಸುವ ತಿರುಗಾ ದಾರಿಯಲ್ಲೂ ಗೇಟುಗಳಿವೆ. 2000ರಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಂದ ಶುರುವಾದ ಅಕ್ಷಯ ಪಾತ್ರಕ್ಕೆ ಬ್ರಿಟನ್, ಅಮೆರಿಕಗಳಲ್ಲಿ ತನ್ನದೇ ನೋಂದಾಯಿತ ಸಂಸ್ಥೆಗಳಿವೆ, ಅವುಗಳ ಮೂಲಕ ಕೊಟ್ಟರೆ ತೆರಿಗೆಯ ಅನುಕೂಲವೂ ಸಿಗುತ್ತದೆ. ಊರಿನ ಸಣ್ಣ ಟ್ರಸ್ಟೊಂದಕ್ಕೆ ನೇರ ಕಳಿಸುವುದಾದರೆ ಅದಕ್ಕೆ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿ ಇದೆಯೇ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅದರ ನಿಗದಿತ ಖಾತೆ ಇದೆಯೇ ಎಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ಒಸಿಐ ಕಾರ್ಡಿನವರು ಕೊಟ್ಟರೆ ಆಗುತ್ತದೆ. ಸಂಘದ ಹೆಸರಲ್ಲಿ ಬ್ರಿಟನ್ನಿನಲ್ಲಿ ಕೂಡಿಸಿದ ಹಣವೂ ಅದೇ ಲೆಕ್ಕಕ್ಕೆ ಬರುತ್ತದೆ.