ಬಿಸಿಲಿಗೆ ಮುಖ ಸುಟ್ಟರೆ ಮನೆಯಲ್ಲೇ ಆರೈಕೆ ಹೇಗೆ?

ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಚೀಲದ ಪಕ್ಕ ಬೆಳಗಿನಿಂದ ನಿಂತವರು, ಗದಗ ಕಡೆ ಹೊಲದಲ್ಲಿ ದಿನವಿಡೀ ಇದ್ದವರು, ಹುಬ್ಬಳ್ಳಿಯಲ್ಲಿ ಬೈಕ್ ಮೇಲೆ ಡೆಲಿವರಿ ಕೊಡುವ ಹುಡುಗರು, ಎಲ್ಲರಿಗೂ ಇದು ಗೊತ್ತಿರುವ ಸಂಗತಿಯೇ. ಸಂಜೆ ಮುಖಕ್ಕೆ ನೀರು ಬಿದ್ದರೆ ಚುರ್ ಅನ್ನುತ್ತದೆ. ಮೂಗು, ಕೆನ್ನೆ, ಹಣೆ ಬಿಗಿದುಕೊಂಡಿರುತ್ತದೆ. ಸುಮ್ನೆ ಕಪ್ಪಾಗಿದೆ, ತಿಕ್ಕಿದರೆ ಹೋಗುತ್ತದೆ ಅಂದುಕೊಳ್ಳಬೇಡಿ. ಅದು ಸುಟ್ಟ ಚರ್ಮ. ಸುಟ್ಟ ಕೈಯನ್ನು ಯಾರಾದರೂ ತಿಕ್ಕುತ್ತಾರಾ?

ನಮ್ಮಂಥ ಕಂದು ಬಣ್ಣದವರ ಮುಖ ಕೆಂಪಾಗಿದ್ದು ಎದ್ದು ಕಾಣುವುದಿಲ್ಲ. ಹಾಗಾಗಿ ಕನ್ನಡಿಗಿಂತ ಬೆರಳನ್ನು ನಂಬಿ. ಮುಟ್ಟಿದಾಗ ಬಿಸಿ ಇದ್ದು, ನೋವಾದರೆ ಸುಟ್ಟಿದೆ ಅಂತಲೇ ಲೆಕ್ಕ. ಇನ್ನೊಂದು ಮಾತು. ಉರಿ ಬಿಸಿಲಲ್ಲಿದ್ದಾಗಲೇ ಶುರುವಾಗುವುದಿಲ್ಲ, ಕೆಲವು ತಾಸು ಬಿಟ್ಟು ಏರುತ್ತದೆ, 12ರಿಂದ 24 ತಾಸಿನೊಳಗೆ ಜೋರಾಗಿ, ಆಮೇಲೆ ಇಳಿಯುತ್ತದೆ. ಮಧ್ಯಾಹ್ನ ಸುಟ್ಟವರಿಗೆ ಮರುದಿನ ಬೆಳಿಗ್ಗೆಯೇ ಜಾಸ್ತಿ ತ್ರಾಸು. ಇದು ಗೊತ್ತಿಲ್ಲದೆ, ರಾತ್ರಿ ಹಚ್ಚಿದ್ದು ಕೆಲಸ ಮಾಡಲಿಲ್ಲ ಅಂತ ಬೆಳಿಗ್ಗೆ ಇನ್ನೊಂದು, ಮಧ್ಯಾಹ್ನ ಮತ್ತೊಂದು ಹಚ್ಚುತ್ತಾ ಹೋಗುತ್ತಾರೆ. ಎಷ್ಟೋ ಮುಖ ಹಾಳಾಗುವುದು ಬಿಸಿಲಿಗಿಂತ ಈ ಹಚ್ಚಾಟದಿಂದಲೇ.

ಮೊದಲು ತಂಪು

ಗೊತ್ತಾದ ಕೂಡಲೇ ನೆರಳಿಗೆ ಬನ್ನಿ. ಸೋಪು ಹಾಕದೆ ತಣ್ಣೀರಿನಿಂದ ಮುಖ ತೊಳೆಯಿರಿ. ಹಳೆಯ ಧೋತರದ ಮೆತ್ತಗಿನ ತುಂಡು ಮನೆಯಲ್ಲಿ ಇದ್ದೇ ಇರುತ್ತದೆ ಅಲ್ವಾ, ಅದನ್ನು ನಾಲ್ಕು ಪದರ ಮಡಚಿ ಹರವಿಯ ನೀರಲ್ಲಿ ಅದ್ದಿ. ತೊಟ್ಟಿಕ್ಕದ ಹಾಗೆ, ಆದರೆ ಪೂರ್ತಿ ಒಣಗದ ಹಾಗೆ ಹಿಂಡಿ, ಮೂಗಿನ ಹೊಳ್ಳೆ ಬಿಟ್ಟು ಹಣೆ, ಕೆನ್ನೆ ಮೇಲೆ ಹಾಸಿಕೊಂಡು ಮಲಗಿ. ಬಟ್ಟೆ ಎರಡು ಮೂರು ನಿಮಿಷಕ್ಕೇ ಬೆಚ್ಚಗಾಗುತ್ತದೆ, ತೆಗೆದು ಮತ್ತೆ ಅದ್ದಿ. ಹೀಗೆ ಹತ್ತು ಹದಿನೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಫ್ರಿಜ್‌ನ ಐಸ್ ನೇರವಾಗಿ ಇಡಬೇಡಿ, ಸುಟ್ಟ ಚರ್ಮಕ್ಕೆ ಅದು ಇನ್ನೊಂದು ಪೆಟ್ಟು. ಬಟ್ಟೆ ಸ್ವಚ್ಛ ಇರಲಿ. ಮೆಣಸಿನಕಾಯಿ ಮುಟ್ಟಿದ ಕೈಯನ್ನಂತೂ ಸೋಪು ಹಚ್ಚಿ ಚೆನ್ನಾಗಿ ತೊಳೆಯದೆ ಮುಖದ ಹತ್ತಿರ ತರಲೇಬೇಡಿ.

ಆಮೇಲೆ ತೇವ

ಮುಖ ಒರೆಸಬೇಡಿ, ಬಟ್ಟೆ ಒತ್ತಿ ನೀರು ತೆಗೆಯಿರಿ. ಸ್ವಲ್ಪ ಹಸಿ ಇರುವಾಗಲೇ ವಾಸನೆ ಇಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಿ. ಕ್ಯಾಲಮೈನ್ ಲೋಷನ್ ಕೂಡ ಆಗುತ್ತದೆ. ಕೊಬ್ಬರಿ ಎಣ್ಣೆ, ತುಪ್ಪ, ವ್ಯಾಸಲೀನ್ ಮೊದಲ ದಿನ ಬೇಡ, ಶಾಖ ಒಳಗೇ ಉಳಿಯುತ್ತದೆ.

ಅಂಗಳದಲ್ಲಿ ಲೋಳೆಸರ ಇದ್ದರೆ ಒಳ್ಳೆಯದು, ಆದರೆ ಕಿತ್ತ ಕೂಡಲೇ ಹಚ್ಚಬೇಡಿ. ಎಲೆಯನ್ನು ಬುಡದಲ್ಲಿ ಕೊಯ್ದು, ಕೊಯ್ದ ತುದಿ ಕೆಳಗೆ ಬರುವ ಹಾಗೆ ಲೋಟದಲ್ಲಿ ಕಾಲು ತಾಸು ನಿಲ್ಲಿಸಿ. ಸಿಪ್ಪೆಯ ಕೆಳಗಿಂದ ಹಳದಿ ರಸ ಇಳಿಯುತ್ತದೆ. ತುರಿಕೆ ಎಬ್ಬಿಸುವುದು ಅದೇ. ಅದನ್ನು ಚೆಲ್ಲಿ, ಎಲೆ ತೊಳೆದು, ಎರಡೂ ಬದಿ ಮುಳ್ಳು ಹೆರೆದು, ಸಿಪ್ಪೆ ತೆಗೆದು, ಒಳಗಿನ ನೀರು ಬಣ್ಣದ ಲೋಳೆಯನ್ನಷ್ಟೇ ತೆಗೆದುಕೊಳ್ಳಿ. ಮೊದಲು ಮೊಳಕೈ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ. ತುರಿಸಿದರೆ ನಿಮಗೆ ಲೋಳೆಸರ ಬೇಡ, ಅಷ್ಟೇ.

ಇವನ್ನು ಮಾತ್ರ ಹಚ್ಚಬೇಡಿ

ಲಿಂಬೆ ರಸ ಬೇಡವೇ ಬೇಡ. ಅದು ಉರಿ ಹೆಚ್ಚಿಸುವುದಷ್ಟೇ ಅಲ್ಲ, ರಸ ಹತ್ತಿದ ಜಾಗಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲಬಹುದು. ಟೂತ್‌ಪೇಸ್ಟ್, ಅಡುಗೆ ಸೋಡಾ, ಕಡಲೆ ಹಿಟ್ಟಿನ ತಿಕ್ಕಾಟ, ಸ್ಕ್ರಬ್, ಬ್ಲೀಚ್ ಕೂಡ ಬೇಡ. ಮದುವೆ ಸೀಸನ್ ಇದೆ ಅಂತ ಫೇಶಿಯಲ್‌ಗೆ ಹೋಗುವವರು ಒಂದೆರಡು ವಾರ ತಡೆಯಿರಿ.

ಇದಕ್ಕಿಂತ ನನಗೆ ಜಾಸ್ತಿ ಸಂಕಟ ಆಗುವುದು ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ತರುವ ಟ್ಯೂಬುಗಳನ್ನು ನೋಡಿದಾಗ. 'ಹಚ್ಚಿ, ಎರಡೇ ದಿನದಲ್ಲಿ ಬೆಳ್ಳಗಾಗುತ್ತೀರಿ' ಅಂತ ಯಾರೋ ಹೇಳಿರುತ್ತಾರೆ. ಒಳಗೆ ಜೋರಾದ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ತಿಳಿಯಾದಂತೆ ಕಾಣುತ್ತದೆ, ನಿಜ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ, ಅನಗತ್ಯ ಕೂದಲು ಬರುತ್ತವೆ, ಬಿಟ್ಟ ಕೂಡಲೇ ಮುಖ ಕೆಂಪೇರಿ ಉರಿಯುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಲವು ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿದ್ದು ಸುಮ್ನೆ ಅಲ್ಲ.

ಉಳಿದಂತೆ ನೀರು, ಮಜ್ಜಿಗೆ ಜಾಸ್ತಿ ಕುಡಿಯಿರಿ. ನೋವು ತಡೆಯಲಾಗದಿದ್ದರೆ ಪ್ಯಾರಸಿಟಮಾಲ್ ಸಾಕು, ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ. ಮುಖ ಊದಿದ್ದರೆ ರಾತ್ರಿ ಎರಡು ದಿಂಬು ಇಟ್ಟು ತಲೆ ಎತ್ತರ ಮಾಡಿ ಮಲಗಿ. ಬೊಬ್ಬೆ ಎದ್ದರೆ ಒಡೆಯಬೇಡಿ. ನಾಲ್ಕನೇ ದಿನದ ಹೊತ್ತಿಗೆ ಸಿಪ್ಪೆ ಏಳಲು ಶುರುವಾಗುತ್ತದೆ. ಕೈ ತಡೆಯುವುದಿಲ್ಲ, ಗೊತ್ತು, ಆದರೂ ಕೀಳಬೇಡಿ, ಒಳಗಿನ ಎಳೆ ಚರ್ಮ ಕಲೆಯಾಗುತ್ತದೆ. ಮಾಯಿಶ್ಚರೈಸರ್ ಹಚ್ಚುತ್ತಿರಿ, ತಾನೇ ಉದುರುತ್ತದೆ.

ಮತ್ತೆ ಹೊರಗೆ ಹೋಗುವಾಗ

ಏಪ್ರಿಲ್ ಕೊನೆ, ಮೇ ಮೊದಲ ವಾರದ ಹೊತ್ತಿಗೆ ಹಾವೇರಿ, ಹುಬ್ಬಳ್ಳಿ, ಗದಗದಲ್ಲಿ ಮಧ್ಯಾಹ್ನ ಸೂರ್ಯ ನೇರ ನೆತ್ತಿಗೇ ಬರುತ್ತಾನೆ, ನೆರಳು ಕಾಲಡಿಗೆ ಸೇರುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದಷ್ಟು ಹೊತ್ತು ಬಿಸಿಲು ಚರ್ಮಕ್ಕೆ ಜೋರು ಅಂತಲೇ ತಿಳಿಯಿರಿ. ಸೆರಗು, ಟವೆಲ್, ಅಗಲ ಅಂಚಿನ ಟೋಪಿ, ಛತ್ರಿ, ಯಾವುದಾದರೂ ಸರಿ. ಉರಿ ಇಳಿದ ಮೇಲೆ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ ಸನ್‌ಸ್ಕ್ರೀನ್ ಅನ್ನು ಎರಡು ಬೆರಳುದ್ದ ತೆಗೆದುಕೊಂಡು ಮುಖ, ಕುತ್ತಿಗೆಗೆ ಹಚ್ಚಿ, ಬಿಸಿಲಲ್ಲೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ. ಬಿಪಿ ಗುಳಿಗೆ, ಮೊಡವೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಒಮ್ಮೆ ಕೇಳಿ, ಕೆಲವು ಔಷಧಿಗಳಿಂದ ಚರ್ಮ ಬೇಗ ಸುಡುತ್ತದೆ.

ಮುಖದ ತುಂಬ ಬೊಬ್ಬೆ, ಕಣ್ಣು ಊತ, ಚಳಿ ಜ್ವರ, ಕೀವು, ಇವು ಕಂಡರೆ ಮನೆಮದ್ದು ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ವಾಂತಿ, ತಲೆಸುತ್ತು, ಮಾತು ತೊದಲುವುದು ಇದ್ದರೆ ಅದು ಬಿಸಿಲ ಹೊಡೆತ ಇರಬಹುದು, ಒಂದು ನಿಮಿಷವೂ ತಡ ಮಾಡದೆ ದವಾಖಾನೆಗೆ ಕರೆದೊಯ್ಯಿರಿ. ವರ್ಷ ತುಂಬದ ಕೂಸಿಗೆ ಸುಟ್ಟಿದ್ದರೆ ಲಕ್ಷಣ ಕಾಯುವುದೇ ಬೇಡ, ಅವತ್ತೇ ತೋರಿಸಿ. ಕೆನ್ನೆ ಮೇಲಿನ ಕಪ್ಪು ತಿಂಗಳಾದರೂ ಹೋಗದಿದ್ದರೆ ಅದು ಬಂಗು ಇರಬಹುದು. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಾದ ಹುಬ್ಬಳ್ಳಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗ ಜಿಮ್ಸ್‌ನ ಚರ್ಮದ ವಿಭಾಗದಲ್ಲಿ ಹೊರರೋಗಿ ಚೀಟಿ ಮಾಡಿಸಿ ತೋರಿಸಬಹುದು. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬು, ಡಬ್ಬಿ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.