ಎರಡು ಸಲ ಗ್ರೌಟ್ ತುಂಬಿ, ಮೂರನೇ ಸಲ ಒಡೆದ ಬಾತ್‌ರೂಮ್

ದಾವಣಗೆರೆಯಲ್ಲಿ ನಾನು ಕಟ್ಟಿಕೊಟ್ಟ ಮನೆ ಅದು. ಗೃಹಪ್ರವೇಶವಾಗಿ ಐದು ತಿಂಗಳಿಗೆ ಫೋನ್ ಬಂತು. "ಸಾರ್, ಅಡುಗೆಮನೆ ಸೀಲಿಂಗಿನಲ್ಲಿ ಕಲೆ ಬಿದ್ದಿದೆ, ಒಂದ್ಸಲ ಬಂದು ನೋಡಿ." ಹೋದೆ. ಮೇಲಿನ ಬಾತ್‌ರೂಮಿನ ಕೆಳಗೇ ತಟ್ಟೆಯಗಲ ತೇವ. ಬೆರಳಿಟ್ಟರೆ ಪುಟ್ಟಿ ಮೆತ್ತಗೆ ಕಳಚಿ ಬಂತು. ಅಂಚಿನಲ್ಲಿ ಬಿಳಿ ಉಪ್ಪು.

ಟೈಲ್ಸ್ ಸಂದಿಯಿಂದ ನೀರು ಇಳಿಯುತ್ತಿದೆ ಅಂದುಕೊಂಡು, ಸಂದಿ ಮುಚ್ಚುವ ಗ್ರೌಟ್ ತುಂಬಿಸಿದೆ. ಎರಡು ತಿಂಗಳಿಗೆ ಮತ್ತೆ ಕಲೆ. ನೀರು ಹೀರದ ಎಪಾಕ್ಸಿ ಗ್ರೌಟ್ ಹಾಕಿಸಿದೆ. ಆಮೇಲೂ ನಿಲ್ಲಲಿಲ್ಲ. ಕೊನೆಗೆ ನನ್ನ ಖರ್ಚಿನಲ್ಲೇ ಒಡೆಸಿದೆ.

ಟೈಲ್ಸ್ ಕಿತ್ತು, ಸಂಕನ್ ಸ್ಲ್ಯಾಬಿಗೆ (ಪೈಪು ಹಾಯಿಸಲು ತಗ್ಗಿಸಿ ಹಾಕಿದ ಸ್ಲ್ಯಾಬಿಗೆ) ತುಂಬಿದ್ದ ಇಟ್ಟಿಗೆ ಚೂರು ತೆಗೆದರೆ ಕೆಳಗೆ ನಾಲ್ಕು ಬೆರಳು ನೀರು ನಿಂತಿತ್ತು. ವಾಟರ್‌ಪ್ರೂಫಿಂಗ್ ಕೋಟಿಂಗ್ ಎಲ್ಲಾ ಕಡೆ ಚೆನ್ನಾಗಿಯೇ ಇತ್ತು, ಕಮೋಡ್ ಪೈಪಿನ ಸುತ್ತ ಬಿಟ್ಟು. ಕೋಟಿಂಗ್ ಆದಮೇಲೆ ಪ್ಲಂಬರ್ ಬಂದು ಉಳಿ ಹಿಡಿದು ತೂತು ಹೊಡೆದು, ಪೈಪ್ ಇಳಿಸಿ, ಸುಮ್ನೆ ಸಿಮೆಂಟ್ ಗಾರೆ ಮೆತ್ತಿದ್ದರು. ಅಲ್ಲಿ ನನ್ನ ಬೆರಳು ಸಲೀಸಾಗಿ ಒಳಗೆ ಹೋಯಿತು. ತಪ್ಪನ್ನು ಪ್ಲಂಬರ್ ಮೇಲೆ ಹಾಕಬಹುದಿತ್ತು. ಆದರೆ ಅವರಿಗಿಂತ ಮುಂಚೆ ಕೋಟಿಂಗಿನವರನ್ನು ಕರೆಸಿದ್ದು ನಾನು ಅಲ್ವಾ?

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ದೋಷಕ್ಕೂ ಎರಡು ಕಾಲಂ: 'ಏನು ಅಂದುಕೊಂಡೆ', 'ಒಡೆದಾಗ ಏನು ಕಂಡಿತು'. ಇವೆರಡೂ ಹೊಂದುವುದು ಕಡಿಮೆ. ಕಾಂಕ್ರೀಟ್ ಕಂಬ ಮತ್ತು ಗೋಡೆ ಸೇರುವಲ್ಲಿ ಬಂದ ಉದ್ದದ ಬಿರುಕಿಗೆ ಪಾಯ ಕುಸಿದಿದೆ ಅಂತ ಹೆದರಿದ್ದೆ. ಕೆರೆದು ನೋಡಿದರೆ ಪ್ಲಾಸ್ಟರಿನೊಳಗೆ ಬಿರುಕು ತಡೆಯುವ ತಂತಿ ಬಲೆ, ಚಿಕನ್ ಮೆಶ್, ಇರಲಿಲ್ಲ, ಅಷ್ಟೇ.

ಈಗ ನನ್ನ ಸೈಟಿನಲ್ಲಿ ಮೊದಲು ಪೈಪು, ಆಮೇಲೆ ಅದರ ಸುತ್ತ ಕುಗ್ಗದ ಗ್ರೌಟ್, ಆಮೇಲೆ ಕೋಟಿಂಗ್. ಗೋಡೆಗೂ ಒಂದು ಅಡಿ ಮೇಲಕ್ಕೆ ಹತ್ತಿಸುತ್ತೇವೆ. ಪೈಪಿನ ಬಾಯಿ ಮುಚ್ಚಿ, ನೆಲದ ಮೇಲೆ ನೀರು ತುಂಬಿ ನಿಲ್ಲಿಸಿ, ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿ 48 ಗಂಟೆ ಬಿಡುತ್ತೇವೆ. ಬೇಸಿಗೆಯಲ್ಲಿ ಸ್ವಲ್ಪ ಆವಿಯಾಗುತ್ತದೆ, ಹಾಗಾಗಿ ಗೆರೆ ನೋಡುವುದಕ್ಕಿಂತ ಕೆಳಗಿನ ಸೀಲಿಂಗ್ ನೋಡುವುದೇ ಮುಖ್ಯ. ಆಗಿನ್ನೂ ಅಲ್ಲಿ ಪ್ಲಾಸ್ಟರ್ ಇರಬಾರದು, ಇದ್ದರೆ ತೇವ ಕಾಣುವುದು ತಡವಾಗುತ್ತದೆ.

ಕಳೆದ ತಿಂಗಳು ಹರಿಹರದ ಸೈಟಿನಲ್ಲಿ ಎರಡನೇ ದಿನ ಬೆಳಿಗ್ಗೆ ಅದೇ ಪ್ಲಂಬರ್ ಫೋನ್ ಮಾಡಿದರು. "ಸಾರ್, ನೆಲದ ನೀರು ಹೋಗೋ ನಾನಿ ಟ್ರ್ಯಾಪ್ ಕೆಳಗೆ ಬಳೆಯಷ್ಟು ಒದ್ದೆ ಆಗಿದೆ. ಟೈಲ್ಸಿನವರಿಗೆ ಇವತ್ತು ಬರಬೇಡಿ ಅಂತ ಹೇಳಿದೀನಿ."