ಆಫ್‌ಲೈನ್ ಪ್ರಾಕ್ಸಿಯಲ್ಲಿ ಜಾಹೀರಾತು ತಡೆದದ್ದು: ನನ್ನ ಅನುಭವ

ನಾನು ಬಳಸುವುದು ವಾಫಲ್, ಅಂದರೆ ವರ್ಲ್ಡ್ ವೈಡ್ ವೆಬ್ ಆಫ್‌ಲೈನ್ ಎಕ್ಸ್‌ಪ್ಲೋರರ್. ನೆಟ್ ಇದ್ದಾಗ ನೋಡಿದ ಪುಟಗಳನ್ನು ಕೂಡಿಟ್ಟು, ಇಲ್ಲದಾಗ ತೋರಿಸುವ ಪ್ರಾಕ್ಸಿ, ಅಂದರೆ ಬ್ರೌಸರ್‌ಗೂ ನೆಟ್‌ಗೂ ನಡುವೆ ನಿಲ್ಲುವ ಪ್ರೋಗ್ರಾಂ ಇದು. ತನ್ನ ಬಳಿ ಇಲ್ಲದ ಪುಟ ಕೇಳಿದರೆ ಬರೆದಿಟ್ಟುಕೊಂಡು, ಮತ್ತೆ ಲೈನ್ ಸಿಕ್ಕಾಗ ತರುತ್ತದೆ. ತಲೆನೋವು ಶುರುವಾಗುವುದೇ ಇಲ್ಲಿ. ಚಿತ್ರಗಳನ್ನೂ ತರು ಅಂತ ಹೇಳಿದ್ದರೆ ಜಾಹೀರಾತಿನ ಚಿತ್ರಗಳೂ ಸಾಲಾಗಿ ಬರುತ್ತವೆ. ಬ್ರೌಸರ್‌ನಲ್ಲಿ ಜಾಹೀರಾತು ತಡೆಯುವ ಬ್ಲಾಕರ್ ಇದ್ದರೂ ಪ್ರಯೋಜನವಿಲ್ಲ, ತರಲು ಹೋಗಿರುವುದು ಪ್ರಾಕ್ಸಿ ಅಲ್ವಾ? ಹಾಗಾಗಿ ತಡೆಯನ್ನು ಪ್ರಾಕ್ಸಿಯಲ್ಲೇ ಹಾಕಿದೆ.

ವಾಫಲ್‌ನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲಿನಲ್ಲಿ ಇದಕ್ಕೆ ಡೋಂಟ್‌ಗೆಟ್ ಅನ್ನುವ ವಿಭಾಗವಿದೆ. ಬೇಡದ ವಿಳಾಸದ ನಮೂನೆಯನ್ನು ಸಾಲಿಗೊಂದರಂತೆ ಬರೆಯಬೇಕು. ಗೊತ್ತಿಲ್ಲದ ಭಾಗಕ್ಕೆ ನಕ್ಷತ್ರ ಗುರುತು. 'ಆಡ್ಸ್' ಅಂತ ಶುರುವಾಗುವ ಹೋಸ್ಟ್‌ಗಳೆಲ್ಲ (ವಿಳಾಸದಲ್ಲಿರುವ ಸರ್ವರ್ ಹೆಸರುಗಳು) ಒಂದೇ ಸಾಲಿಗೆ ಹೋದವು. ಅವುಗಳಲ್ಲಿ ಒಂದು ಬೇಕಾದರೆ ಅದರ ವಿಳಾಸದ ಮುಂದೆ ಆಶ್ಚರ್ಯಸೂಚಕ ಹಾಕಿ, ಆ ಸಾಲನ್ನು ತಡೆಯುವ ಸಾಲಿಗಿಂತ ಮೇಲೆ ಇಡಬೇಕು. ಮೇಲಿಂದ ಓದುತ್ತಾ ಹೋಗಿ ಮೊದಲು ಹೊಂದಿದ ಸಾಲೇ ಗೆಲ್ಲುತ್ತದೆ. ಎಲ್ಲವನ್ನೂ ಒಟ್ಟಿಗೆ ಕಡಿದು ಹಾಕದೆ ಬೇಕಾದಷ್ಟೇ ತೆರೆದಿಡಲು ಆಗುವುದು ಇದರಿಂದಲೇ.

ಸುಮ್ನೆ ತಡೆದರೆ ಚಿತ್ರದ ಜಾಗದಲ್ಲಿ ಒಡೆದ ಐಕಾನ್ ಕೂರುತ್ತದೆ. ಅದಕ್ಕೆ, ತಡೆದದ್ದರ ಬದಲು ಏನು ಕೊಡಬೇಕು ಅಂತ ಹೇಳುವ ರಿಪ್ಲೇಸ್‌ಮೆಂಟ್ ಅನ್ನುವ ಸೆಟ್ಟಿಂಗ್ ಇದೆ. ಚಿತ್ರದ ವಿಳಾಸಗಳಿಗೆ ವಾಫಲ್ ಜೊತೆಗೇ ಬರುವ ಜಿಫ್ ಫೈಲನ್ನು ತೋರಿಸಿದೆ, ಸ್ಕ್ರಿಪ್ಟ್‌ಗಳಿಗೆ, ಅಂದರೆ ಪುಟದೊಳಗೆ ಓಡುವ ಕೋಡ್‌ಗೆ, ಜೆಎಸ್ ಫೈಲನ್ನು. ಈ ಎರಡನ್ನು ಬೇರೆ ಬೇರೆ ಇಡಲೇಬೇಕು. ಸ್ಕ್ರಿಪ್ಟ್ ಕೇಳಿದಾಗ ಚಿತ್ರ ಕೊಟ್ಟರೆ ಬ್ರೌಸರ್ ಎರರ್ ಎಸೆಯುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಗೆಟ್-ರಿಕರ್ಸಿವ್ ಅನ್ನುವ ಸೆಟ್ಟಿಂಗ್. ಇದಕ್ಕೆ 'ನೋ' ಅಂದರೆ ನಾನಾಗಿ ಕ್ಲಿಕ್ ಮಾಡಿದ ಫೈಲ್ ಬರುತ್ತದೆ, ಆದರೆ ಲಿಂಕ್ ಹಿಡಿದು ಇಡೀ ಸೈಟ್ ತರುವಾಗ ಅದನ್ನು ಬಿಟ್ಟುಬಿಡುತ್ತದೆ. ದೊಡ್ಡ ಜಿಪ್ ಫೈಲುಗಳಿಗೆ ಇದನ್ನೇ ಹಾಕಿದ್ದೇನೆ. ತಡೆಯುವುದಕ್ಕೂ ಬಿಡುವುದಕ್ಕೂ ನಡುವೆ ಇಂಥದ್ದೊಂದು ದಾರಿ ಇರಬೇಕು ನೋಡಿ.

ಬದಲಾವಣೆಗೆಲ್ಲ ಪ್ರಾಕ್ಸಿ ನಿಲ್ಲಿಸಬೇಕಿಲ್ಲ. ಕಾನ್ಫಿಗ್ ಮತ್ತೆ ಓದಿಸುವ ಕಮಾಂಡ್ ಕೊಟ್ಟರೆ ಸಾಕು.

ಎಚ್‌ಟಿಟಿಪಿಎಸ್, ಅಂದರೆ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಸೈಟ್‌ಗಳಲ್ಲಿ ಮಾತ್ರ ಇಷ್ಟು ಸಲೀಸಲ್ಲ. ಸುರಂಗದಂತೆ ಹಾದುಹೋಗುವ ಆ ಸಂಪರ್ಕದಲ್ಲಿ ಪ್ರಾಕ್ಸಿಗೆ ಕಾಣುವುದು ಹೋಸ್ಟ್ ಮತ್ತು ಪೋರ್ಟ್ (ಸರ್ವರ್‌ನಲ್ಲಿ ಸಂಪರ್ಕಿಸುವ ಬಾಗಿಲಿನ ಸಂಖ್ಯೆ) ಅಷ್ಟೇ. ಫೈಲಿನ ಹೆಸರು ನೋಡಿ ತಡೆಯುವ ಸಾಲುಗಳು ಅಲ್ಲಿ ನಡೆಯುವುದಿಲ್ಲ. ಅಲ್ಲಿಗೆ ನಾನು ಇಡೀ ಹೋಸ್ಟನ್ನೇ ತಡೆಯುತ್ತೇನೆ, ಉಳಿದದ್ದನ್ನು ಬ್ರೌಸರ್‌ನ ಬ್ಲಾಕರ್‌ಗೆ ಬಿಡುತ್ತೇನೆ.